ಇನ್ನೂರ ಹನ್ನೆರಡನೆಯ ಹಲಗೆ

ಗುರುಗಳು ಬದುಕಿರುವ ತನಕ ಅವರ ಹೆಂಡತಿ ಊರಿಗೆಲ್ಲ ಅಮ್ಮಾವ್ರು. ಗುರುಗಳು ಕಣ್ಣು ಮುಚ್ಚಿದ ಮರುದಿನ ಅವಳು ಯಾರದೋ ಮನೆಯಲ್ಲಿ ಕೂತ ಹೆಂಗಸು. ಕಮಿಸೆ ಊರೊಂದರ ಕಥೆಯಲ್ಲ ಇದು, ಆ ಸೀಮೆಯ ಬೌದ್ಧ ಮಂದಿರಗಳದ್ದೆಲ್ಲ ಇದೇ ಹಣೆಬರಹ. ಮಂದಿರ ಅದಕ್ಕೆ ನಡೆದುಕೊಳ್ಳುವ ಒಕ್ಕಲಿನದು, ಮನೆ ಮಂದಿರದ್ದು. ಹೊಸ ಗುರುಗಳು ಬರುತ್ತಾರೆಂದರೆ ಹಳಬರ ಸಂಸಾರ ಗಂಟುಮೂಟೆ ಕಟ್ಟಬೇಕು. ಮಗನಿದ್ದು, ತಲೆ ಬೋಳಿಸಿಕೊಂಡು ಅಪ್ಪನ ಜಾಗದಲ್ಲಿ ಕೂತರೆ ಆ ಮಾತು ಬೇರೆ. ಕಮಿಸೆಯ ಗುರುಗಳ ಹೆಂಡತಿ ಚಿಗುಸಾಳಿಗೆ ಮಕ್ಕಳಿರಲಿಲ್ಲ. ಮೂವತ್ತೊಂದು ವರ್ಷ ಮಂದಿರದ ಹಲಗೆ ನೆಲ ಒರೆಸಿ ಸವೆದ ಎರಡು ಮೊಣಕಾಲುಗಳಿದ್ದವು, ಎಂಬತ್ತಾರು ವರ್ಷದ ಅತ್ತೆ ಇದ್ದಳು.

ಗಂಡ ರ್ಯೋಕಾಯ್ ಹೋದದ್ದು ನವೆಂಬರಿನಲ್ಲಿ. ಜೂನ್ ತಿಂಗಳ ಒಂದು ಬೆಳಗ್ಗೆ ಒಕ್ಕಲಿನ ಯಜಮಾನ ಇಗರಾಶಿ ಬಂದು, ಬಾರ್ಲಿ ಚಹಾ ಒಂದೇ ಗುಟುಕಿಗೆ ಕುಡಿದು, ಬದನೆಕಾಯಿ ಉಪ್ಪಿನಕಾಯಿ ಬಾಯಿಗೆ ಹಾಕಿಕೊಂಡು ಮಾತು ಶುರುಮಾಡಿದ. ಸಮಾಧಿ ಕಲ್ಲು ಕೆತ್ತುವವನು, ಎಪ್ಪತ್ತು ದಾಟಿದವನು. ನಾಲಿಗೆಯೂ ಉಳಿಯಂತೆಯೇ ಇತ್ತು.

“ಅಮ್ಮಾವ್ರೇ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಸೆಪ್ಟೆಂಬರಿಗೆ ಹೊಸ ಗುರುಗಳು ಬರ್ತಾರೆ. ಹೆಂಡ್ತಿ, ಎರಡು ಮಕ್ಕಳು. ಮನೆ ಖಾಲಿ ಬೇಕು.”

“ಅತ್ತೆನ ಕರ್ಕೊಂಡು ಎಲ್ಲಿಗೆ ಹೋಗ್ಲಿ, ಯಜಮಾನ್ರೇ?”

“ಅದಕ್ಕೇ ಒಂದು ದಾರಿ ಹುಡುಕಿದೀನಿ. ಹಿಂದುಗಡೆ ಎರಡು ಕೋಣೆ ಇದಾವಲ್ಲ, ಹೊಸಬ್ರಿಗೆ ಅವು ಬೇಡ್ವಂತೆ. ಅಜ್ಜಿ ಇರೋವರೆಗೂ ನೀವಿಬ್ರೂ ಅಲ್ಲಿರಬಹುದು. ಆದ್ರೆ ಸಭೇಲಿ ನಾಲ್ಕು ಜನ ಕೇಳ್ತಾರೆ, ಇವ್ರಿಂದ ಮಂದಿರಕ್ಕೇನು ಉಪಯೋಗ ಅಂತ. ಈ ಸಲದ ಓಬೊನ್ ಹಲಗೆ ನೀವು ಬರೆಸಿ ನಿಲ್ಲಿಸಿ. ಪೂಜೆಗೆ ಪಕ್ಕದೂರಿನ ಹಿರಿಯ ಗುರುಗಳು ಬರ್ತಾರೆ, ಆದ್ರೆ ಬರೆಯಲ್ಲ ಅಂದ್ಬಿಟ್ರು, ಮಣಿಕಟ್ಟು ಹೋಗಿದೆಯಂತೆ. ಇನ್ನೂರಹನ್ನೆರಡು ಹಲಗೆ ಸಾಲಾಗಿ ನಿಂತ್ರೆ, ಆಮೇಲೆ ಯಾರು ಬಾಯಿ ತೆಗೀತಾರೋ ನಾನ್ ನೋಡ್ಕೋತೀನಿ.”

ಸತ್ತವರು ಮನೆಗೆ ಬಂದುಹೋಗುವ ಹಬ್ಬ ಓಬೊನ್. ಅದಕ್ಕೆ ಮುಂಚೆ ಒಕ್ಕಲಿನ ಪ್ರತಿ ಮನೆಗೂ ಒಂದೊಂದು ಹಲಗೆ ಆಗಬೇಕು: ಎದೆಯೆತ್ತರದ ತೆಳ್ಳನೆಯ ಬಿಳಿ ಮರ, ಅದರ ಮೇಲೆ ಸತ್ತವರಿಗೆ ಗುರುಗಳಿಟ್ಟ ಹೆಸರು, ಆ ಹಬ್ಬದ ವರ್ಷ, ಕುಂಚದ ಕಪ್ಪು ಅಕ್ಷರದಲ್ಲಿ. ಪೂಜೆಯಾದ ಮೇಲೆ ಅದನ್ನು ಸಮಾಧಿಯ ಹಿಂದೆ ನಿಲ್ಲಿಸಬೇಕು. ಕಮಿಸೆಯ ಜನ ಈ ಹಲಗೆಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಬೇರೆ ಊರುಗಳಲ್ಲಿ ಯಂತ್ರ ಬರೆಯುತ್ತದಂತೆ, ಥೂ, ನಮ್ಮ ಗುರುಗಳದು ಕೈಬರಹ ಎನ್ನುತ್ತಿದ್ದರು. ಇಗರಾಶಿಯ ಬಾಯಿ ಎಲ್ಲರಿಗಿಂತ ಜೋರು. ಹಿಂದೆ ರ್ಯೋಕಾಯ್ ಬರೆದುಕೊಟ್ಟ ಅಕ್ಷರಗಳನ್ನು ನೂರಾರು ಕಲ್ಲಿನ ಮೇಲೆ ಕೆತ್ತಿದ್ದವನು ಅವನೇ ತಾನೆ.

ಈಗ ಗುಟ್ಟು ಹೇಳಿಬಿಡುತ್ತೇನೆ, ಬಚ್ಚಿಟ್ಟು ಯಾರಿಗೇನು ಲಾಭ. ಹದಿನಾಲ್ಕು ವರ್ಷದಿಂದ ಆ ಹಲಗೆಗಳನ್ನು ಬರೆಯುತ್ತಿದ್ದದ್ದು ಯಂತ್ರವೇ. ರ್ಯೋಕಾಯನ ಬಲಗೈ ನಡುಗಲು ಶುರುವಾಗಿತ್ತು. ಪೂರ್ತಿ ಕೆಡುವ ಮೊದಲು ಅವನು ಒಂದು ಚಳಿಗಾಲವಿಡೀ ಕೂತು, ಮಣಿಕಟ್ಟಿಗೆ ಬಟ್ಟೆ ಬಿಗಿದು, ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳನ್ನು ಚೌಕದ ಹಾಳೆಗಳಲ್ಲಿ ಬರೆದ. ಕಂಪನಿಯವರು ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಕೊಟ್ಟರು. ಹಲಗೆಯ ಮೇಲೆ ಬರೆಯುವ ಉದ್ದನೆಯ ಪ್ರಿಂಟರ್ ಒಂದು ಹಿತ್ತಲಿನ ಉಗ್ರಾಣಕ್ಕೆ ಬಂತು. ಪ್ರತಿ ಜುಲೈನಲ್ಲಿ ಗಂಡ ಉಗ್ರಾಣದಲ್ಲಿ ಗಟ್ಟಿಯಾಗಿ ಸೂತ್ರ ಪಠಿಸುತ್ತ ಕೂರುತ್ತಿದ್ದ, ಹೆಂಡತಿ ಹಲಗೆ ತಳ್ಳುತ್ತಿದ್ದಳು. ಯಂತ್ರ ಗರಗರ ಎಂದಾಗ ಅತ್ತೆ ಹಿಸಾನೊ ಒಳಗಿನಿಂದ ಟಿವಿ ಜೋರು ಮಾಡುತ್ತಿದ್ದಳು. ಯಾಕೆಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. “ನಾನು ಸತ್ತ ಮೇಲೂ ಹೇಳ್ಬೇಡ ಕಣೇ” ಎಂದು ಗಂಡ ಆಸ್ಪತ್ರೆಯ ಮಂಚದಿಂದ ಹೇಳಿದ್ದ. ಅವಳು ಹೂಂ ಅಂದಿದ್ದಳು.

ಪೇಟೆಯಲ್ಲಿ ಒಬ್ಬ ಪರಿಚಯದ ಬರಹಗಾರನಿದ್ದಾನೆ, ಅವನ ಕೈಲಿ ಬರೆಸುತ್ತೇನೆ ಎಂದು ಚಿಗುಸಾ ಇಗರಾಶಿಗೆ ಸುಳ್ಳು ಹೇಳಿದಳು. ಯಂತ್ರದ ಜೊತೆ ಬಂದ ಸಾಮಾನ್ಯ ಕುಂಚದ ಅಕ್ಷರದ ನಮೂನೆಯೊಂದಿತ್ತು, ಅದರಲ್ಲಿ ತೆಗೆದರಾಯಿತು ಎಂಬುದು ಲೆಕ್ಕ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಮೇ ತಿಂಗಳಲ್ಲಿ ಇದೇ ಇಗರಾಶಿ ಮಂದಿರಕ್ಕೆ ಹೊಸ ಕಂಪ್ಯೂಟರ್ ದಾನ ಮಾಡಿ, ಹಳೆಯದನ್ನು ತನ್ನದೇ ಲಾರಿಯಲ್ಲಿ ಹಾಕಿಕೊಂಡು ಗುಜರಿಗೆ ಒಯ್ದಿದ್ದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ಹೆಸರಿನ ಪಟ್ಟಿ, ಬರೆಯುವ ತಂತ್ರಾಂಶ, ಗಂಡನ ಅಕ್ಷರ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು, ನಗುತ್ತ ಕೈಮುಗಿದು ಕಳಿಸಿದ್ದಳು.

ಜುಲೈ ಮೊದಲ ವಾರ ಹೊಸ ಕಂಪ್ಯೂಟರನ್ನು ಉಗ್ರಾಣಕ್ಕೆ ಒಯ್ದು ತಂತಿ ಜೋಡಿಸಿದಳು. ತಂತ್ರಾಂಶವೇನೋ ತೆರೆಯಿತು. ಪ್ರಿಂಟರ್ ಮಾತ್ರ ಸತ್ತ ಹಾವಿನ ಹಾಗೆ ಬಿದ್ದಿತ್ತು. ಡಬ್ಬಿಯ ತಳದಲ್ಲಿದ್ದ, ಎರಡನ್ನೂ ಮಾತಾಡಿಸುವ ಡ್ರೈವರ್ ತಂತ್ರಾಂಶದ ಸಿ.ಡಿ. ಹಾಕೋಣವೆಂದರೆ ಹೊಸ ಕಂಪ್ಯೂಟರಿಗೆ ಸಿ.ಡಿ. ನುಂಗುವ ಬಾಯಿಯೇ ಇಲ್ಲ. ಬಸ್ಸಿನಲ್ಲಿ ಪೇಟೆಗೆ ಹೋಗಿ ಆ ಬಾಯಿ ಬೇರೆ ಕೊಂಡು ತಂದಳು. ಹಾಕಿದಳು. ಈ ಡ್ರೈವರ್ ನಿಮ್ಮ ವಿಂಡೋಸಿಗೆ ಹೊಂದುವುದಿಲ್ಲ ಎಂದು ಒಂದು ಸಾಲು ಬಂತು, ಅಷ್ಟೇ.

ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿಯ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು.

“ಆ ಮಾದರಿಗೆ ನಾವು ಸೇವೆ ನಿಲ್ಲಿಸಿ ಆರು ವರ್ಷ ಆಯ್ತು, ಮೇಡಂ. ಹೊಸ ವಿಂಡೋಸಿಗೆ ಡ್ರೈವರ್ ಮಾಡಿಲ್ಲ, ಮಾಡೋದೂ ಇಲ್ಲ.”

“ಹಳೇದ್ರಲ್ಲೇ ಏನಾದ್ರೂ ಮಾಡಬಹುದಾ?”

“ಹೊಸ ಯಂತ್ರ ತಗೋಬಹುದು, ಮೇಡಂ. ಹದಿನೆಂಟು ಲಕ್ಷ ಯೆನ್. ಗುರುಗಳಿಗೆ ಫೋನ್ ಕೊಡ್ತೀರಾ, ನಾನೇ ವಿವರಿಸ್ತೀನಿ.”

ಚಿಗುಸಾ ಫೋನ್ ಇಟ್ಟಳು. ಆಮೇಲಿನ ಹದಿನೈದು ದಿನ ಅವಳು ಪಟ್ಟ ಪಾಡು ನಾಯಿಗೂ ಬೇಡ. ಉಗ್ರಾಣದ ತಗಡಿನ ಮಾಡು ಕಾದು ಹಂಚಾಗಿತ್ತು, ಹೊರಗೆ ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಕೊರಳಿಗೊಂದು ಒದ್ದೆ ಟವೆಲು ಸುತ್ತಿಕೊಂಡು ಅಂತರ್ಜಾಲದ ಮೂಲೆಮೂಲೆ ಜಾಲಾಡಿದಳು. ಕಂಪನಿ ಹಳೆಯ ಪುಟವನ್ನೇ ಕಿತ್ತುಹಾಕಿತ್ತು. ಎಲ್ಲ ಪ್ರಿಂಟರಿಗೂ ಡ್ರೈವರ್ ಉಚಿತ ಎಂದು ಕೂಗುತ್ತಿದ್ದ ಒಂದು ತಾಣದಿಂದ ಇಳಿಸಿಕೊಂಡದ್ದು ಡ್ರೈವರಲ್ಲ, ಪೀಡೆ. ಪರದೆಯ ತುಂಬ ಬಟ್ಟೆಯಿಲ್ಲದ ಹೆಂಗಸರು ಬಂದು ಕುಣಿದರು. ಅದನ್ನು ತೊಲಗಿಸುವಷ್ಟರಲ್ಲಿ ಎರಡು ದಿನ ಹೋಯಿತು. ಹೊಂದಾಣಿಕೆಯ ವಿಧಾನ ಎಂದೊಂದು ಇದೆ, ಹಳೆಯ ವಿಂಡೋಸ್ ಇದ್ದಹಾಗೆ ಕಂಪ್ಯೂಟರ್ ನಟಿಸುತ್ತದೆ ಎಂದು ಯಾರೋ ಬರೆದಿದ್ದರು. ನಟಿಸಿತು. ಪ್ರಿಂಟರ್ ಅದರ ಬಣ್ಣ ಬಯಲು ಮಾಡಿತು.

ಅತ್ತೆ ಊಟದ ಹೊತ್ತಿಗೆ ಕುಟುಕುತ್ತಿದ್ದಳು.

“ಹಬ್ಬಕ್ಕೆ ಒಂದು ತಿಂಗಳೂ ಇಲ್ಲ. ನಿನ್ನ ಬರಹಗಾರ ಎಲ್ಲಿ ಸತ್ನೇ?”

“ಬರೀತಿದಾರೆ ಅತ್ತೆ.”

“ಏನ್ ಬರೀತಾನೋ, ನನ್ನ ತಿಥಿ ಪತ್ರ ಬರೀತಾನೇನೋ. ಅರವತ್ತೆರಡು ವರ್ಷದ ಹಿಂದೆ ಸೊಸೆಯಾಗಿ ಬಂದೆ ಈ ಮನೆಗೆ. ಇಲ್ಲಿಂದ ನನ್ನ ಹೆಣ ಹೋಗ್ಬೇಕು, ನಾನು ಹೋಗಲ್ಲ. ನೀನು ಎಲ್ಲಾದ್ರೂ ಬದುಕ್ತೀಯ, ನಾನು ಎಲ್ಲಿ ಹೋಗ್ಲಿ? ಮಗೂನ ಹೆರೋಕಂತೂ ಆಗ್ಲಿಲ್ಲ, ಇದಾದ್ರೂ ಮಾಡು.”

ಮೂವತ್ತೊಂದು ವರ್ಷದಿಂದ ಅನ್ನದ ಜೊತೆ ದಿನವೂ ಬಡಿಸಿಕೊಂಡ ಮಾತು ಇದು. ಚಿಗುಸಾ ಮಿಸೋ ಸಾರಿನ ಬಟ್ಟಲನ್ನು ಅವಳ ಕೈಗೆ ಹತ್ತಿರ ಸರಿಸಿದಳು.

ದಾರಿ ಸಿಕ್ಕಿದ್ದು ಕಂಪ್ಯೂಟರಿನಲ್ಲಲ್ಲ. ಇಪ್ಪತ್ತೊಂದನೇ ತಾರೀಖು ಸಿಟ್ಟು ನೆತ್ತಿಗೇರಿ ಪ್ರಿಂಟರನ್ನು ಮಗುಚಿ ಹಾಕಿದಳು, ಹಿಂದಿನ ಸಲ ಇಲಿ ತಂತಿ ಕಡಿದಿತ್ತು, ಈ ಸಲವೂ ಹಾಗೇನೋ ಎಂದುಕೊಂಡು. ಹೊಟ್ಟೆಯಡಿಯ ತಗಡಿನಲ್ಲಿ ಬೇರೊಂದು ಹೆಸರು, ಒಂದು ಸಂಖ್ಯೆ ಅಚ್ಚಾಗಿತ್ತು. ಅದನ್ನು ಬರೆದುಕೊಂಡು, ಊರ ಹೆಸರೆತ್ತದೆ, ಮಂದಿರದ ಹಲಗೆ ಬರೆಯುವ ಯಂತ್ರದ್ದು ಎಂದಷ್ಟೇ ಹೇಳಿ ಪೇಟೆಯ ಸ್ಟೇಷನರಿ ಅಂಗಡಿಯವನಿಗೆ ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ನೋಡಿದ.

“ಇದು ನಗರಸಭೆಯೋರು ಚುನಾವಣೆ ಬ್ಯಾನರ್ ಹೊಡೀತಾರಲ್ಲ, ಆ ಪ್ರಿಂಟರ್ ಕಣಮ್ಮ. ನಿಮ್ಮ ಕಂಪನಿಯೋರು ಅದರ ಹೊಟ್ಟೆ ತಗೊಂಡು ಮೇಲೊಂದು ಮರದ ಟೋಪಿ ಇಟ್ಟು ಮೂರು ಪಟ್ಟು ಬೆಲೆಗೆ ಗುರುಗಳಿಗೆ ಮಾರಿದಾರೆ. ಬ್ಯಾನರಿನದ್ದಕ್ಕೆ ಹೊಸ ಡ್ರೈವರ್ ಇದೆಯಮ್ಮ, ನಾನೇ ಕೊಡ್ತೀನಿ.”

ಕೊಟ್ಟ. ಅದೂ ಸಲೀಸಾಗಿ ಕೂರಲಿಲ್ಲ. ಇದು ನಮ್ಮ ಯಂತ್ರವಲ್ಲ, ಸಹಿ ತಾಳೆಯಾಗುತ್ತಿಲ್ಲ ಎಂದು ವಿಂಡೋಸ್ ಬಾಗಿಲು ಹಾಕಿತು. ಕಂಪ್ಯೂಟರನ್ನು ಒಂದು ವಿಶೇಷ ರೀತಿಯಲ್ಲಿ ಆರಿಸಿ ಹೊತ್ತಿಸಿ, ನೀಲಿ ಪರದೆ ಬಂದಾಗ ಏಳನೆಯ ಗುಂಡಿ ಒತ್ತಿದರೆ ಕಾವಲುಗಾರ ಒಂದು ಗಳಿಗೆ ಕಣ್ಣು ಮುಚ್ಚುತ್ತಾನೆ. ಆಗ ನುಗ್ಗಿಸಬೇಕು. ಅಂಗಡಿಯವನು ಫೋನಿನಲ್ಲಿ ಹೇಳಿದ, ಇವಳು ಒಂದು ಪುಸ್ತಕದಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದುಕೊಂಡಳು. ಮೊದಲ ಹಲಗೆಯ ಹೆಸರು ಅರ್ಧಕ್ಕೇ ತುಂಡಾಯಿತು, ಎರಡನೆಯದು ತಲೆಕೆಳಗಾಗಿ ಬಂತು. ಮೂರನೆಯದು ಸರಿಯಾಗಿ ಬಂದಾಗ ಚಿಗುಸಾ ಒಣ ಹಲಗೆಗಳ ಕಟ್ಟಿನ ಮೇಲೆ ಕುಸಿದು ಕೂತು ಬಾಯಿಗೆ ಟವೆಲು ಒತ್ತಿಕೊಂಡು ಅತ್ತಳು. ಎರಡು ಕೋಣೆ ಉಳಿಯಿತು ಎಂದು ಅತ್ತಳು. ಒಳಗೆ ಟಿವಿ ಜೋರಾಯಿತು.

ಆಗಸ್ಟ್ ಆರರ ಹೊತ್ತಿಗೆ ಇನ್ನೂರ ಹನ್ನೊಂದು ಹಲಗೆ ಆದವು, ಎಲ್ಲ ಆ ಸಾಮಾನ್ಯ ಕುಂಚದ ಅಕ್ಷರದಲ್ಲಿ. ಉಳಿದದ್ದು ಒಂದೇ, ಗಂಡನದು. ಸತ್ತ ಮೇಲಿನ ಮೊದಲ ಓಬೊನ್, ಬಿಡುವ ಹಾಗಿಲ್ಲ. ಅಕ್ಷರ ಆರಿಸುವ ಪಟ್ಟಿಯಲ್ಲಿ ‘ಸಾಮಾನ್ಯ’ದ ಕೆಳಗೆ ‘ರ್ಯೋಕಾಯ್’ ಎಂದಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ಹುಚ್ಚಿ. ಅಷ್ಟು ಬುದ್ಧಿ ಓಡಿಸಿದವಳು ಅಲ್ಲಿ ಎಡವಿದಳು. ಇನ್ನೂರ ಹನ್ನೆರಡರಲ್ಲಿ ಒಂದು, ಕೊನೆಯ ಸಾಲಿನ ಗೋಡೆ ಬದಿಗೆ ಇಟ್ಟರೆ ಯಾರು ನೋಡುತ್ತಾರೆ ಎಂದುಕೊಂಡಳು. ಒಂದು ಸಲ, ಒಂದೇ ಸಲ ಅವನ ಕೈ ಓಡುವುದನ್ನು ನೋಡಬೇಕು ಅನ್ನಿಸಿತು. ಒತ್ತಿದಳು. ಯಂತ್ರ ಗರಗರ ಎಂದು ಹಲಗೆಯನ್ನು ಎಳೆದುಕೊಂಡಿತು, ಗಂಡನ ಹೆಸರು ಗಂಡನ ಅಕ್ಷರದಲ್ಲೇ ಇಷ್ಟಿಷ್ಟಾಗಿ ಹೊರಗೆ ಬಂತು. ಚಿಕ್ಕಂದಿನಲ್ಲಿ ಮುರಿದ ಹೆಬ್ಬೆರಳಿನಿಂದ ಅವನು ಅಡ್ಡಗೆರೆಯ ಕೊನೆಯನ್ನು ಮೇಲಕ್ಕೆ ಚಿಮ್ಮಿಸುತ್ತಿದ್ದ. ಆ ಚಿಮ್ಮು ಹಾಗೆಯೇ ಇತ್ತು. ಅವಳು ಶಾಯಿ ಆರುವ ತನಕ ಪಕ್ಕದಲ್ಲಿ ಕೂತಿದ್ದಳು.

ಒಂಬತ್ತನೇ ತಾರೀಖು ಪೂಜೆ. ಮಂದಿರದ ದೊಡ್ಡ ಹಜಾರದಲ್ಲಿ ಹಲಗೆಗಳು ಸಾಲಾಗಿ ನಿಂತಿದ್ದವು. ಇಗರಾಶಿ ಬೇಗ ಬಂದ, ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೆ ನಡೆದ. “ಪರವಾಗಿಲ್ಲ ನಿಮ್ಮ ಬರಹಗಾರ. ಗುರುಗಳ ಕೈ ಬರಲ್ಲ ಬಿಡಿ, ಆದ್ರೂ ಪರವಾಗಿಲ್ಲ” ಎಂದ. ಒಕ್ಕಲಿನವರು ಬಂದು ಚಾಪೆಯ ಮೇಲೆ ಕೂತರು. ಅತ್ತೆ ಮುಂದಿನ ಕುರ್ಚಿಯಲ್ಲಿ ಕಪ್ಪು ಕಿಮೋನೋ ಉಟ್ಟು ಕೂತಳು. ಪಕ್ಕದೂರಿನ ಹಿರಿಯ ಗುರುಗಳು ಒಳಗೆ ವಸ್ತ್ರ ಬದಲಿಸುತ್ತಿದ್ದರು.

ಇಗರಾಶಿ ಒಮ್ಮೆ ಸುತ್ತ ನೋಡಿದ.

“ನಮ್ಮ ಗುರುಗಳ ಹಲಗೆ ಎಲ್ಲಿ?”

“ಹಿಂದಿದೆ ಯಜಮಾನ್ರೇ. ಇರ್ಲಿ ಬಿಡಿ, ಅವ್ರಿಗೆ ಮುಂದೆ ಕೂರೋದು ಇಷ್ಟ ಇರಲಿಲ್ಲ.”

“ಏನ್ ಮಾತು ಅಂತ ಆಡ್ತೀರಿ. ಮೂವತ್ತು ವರ್ಷ ನಮ್ಮ ಸತ್ತೋರನ್ನೆಲ್ಲ ದಾಟಿಸಿದ ಮನುಷ್ಯ, ಮೊದಲ ಓಬೊನ್, ಗೋಡೆ ಮೂಲೇಲಿ ನಿಲ್ಲಿಸೋದಾ?”

ಭಕ್ತಿಯಿಂದಲೇ ಹೋದ. ಎರಡೂ ಕೈಯಲ್ಲಿ ಎತ್ತಿದ, ಎಲ್ಲರ ಮುಂದೆ ತಂದ. ನಿಲ್ಲಿಸುವ ಮೊದಲು ಒಮ್ಮೆ ಓದಿದ. ಅವನ ಹೆಬ್ಬೆರಳು ಅಡ್ಡಗೆರೆಯ ಕೊನೆಯ ಮೇಲೆ ಹೋಗಿ ನಿಂತಿತು. ಆ ಚಿಮ್ಮನ್ನು ಅವನು ವರ್ಷಗಟ್ಟಲೆ ಉಳಿ ಹಿಡಿದು ಕಲ್ಲಿಗಿಳಿಸಿದ್ದ, ಕತ್ತಲಲ್ಲಿ ಸವರಿದರೂ ಗುರುತು ಹಿಡಿಯುತ್ತಿದ್ದ. ಕೆಳಗೆ ವರ್ಷ ಇತ್ತು: ಈ ವರ್ಷ.

“ಅಮ್ಮಾವ್ರೇ,” ಎಂದ ಮೆತ್ತಗೆ. “ನವೆಂಬರಲ್ಲಿ ಸತ್ತೋರು ಆಗಸ್ಟಿನ ಹಲಗೇನ ಯಾವಾಗ ಬರೆದ್ರು?”

ಹಜಾರದಲ್ಲಿ ಬೀಸಣಿಗೆಗಳು ನಿಂತವು.

“ಇದು ಅವರ ಕೈ. ಇಲ್ಲ ಅನ್ಬೇಡಿ, ನನ್ನ ಹತ್ರ ನಡೆಯಲ್ಲ. ಯಂತ್ರ, ಅಲ್ವಾ? ಇದು ಯಂತ್ರ ಅಂದ್ರೆ ಹೋದ ವರ್ಷದ್ದೂ ಯಂತ್ರಾನೇ. ಅದರ ಹಿಂದಿನ ವರ್ಷದ್ದು? ನಮ್ಮವ್ವನ ಹಲಗೆ?”

ಚಿಗುಸಾ ತಲೆ ತಗ್ಗಿಸಿದಳು. ಗಂಡನ ಕೈ ನಡುಗುತ್ತಿತ್ತು ಎಂಬ ಮೂರು ಪದ ಬಾಯಿಯ ತನಕ ಬಂದಿದ್ದವು. ಹೇಳ್ಬೇಡ ಕಣೇ ಎಂದವನ ಮುಖವೂ ಜೊತೆಗೇ ಬಂತು. ಅವಳು ಅತ್ತೆಯ ಕಡೆ ನೋಡಿದಳು. ಇನ್ನು ಹೇಳಬೇಕಾದವಳು ತಾಯಿ, ಅವಳಾದರೂ ಹೇಳಿಯಾಳು ಎಂಬ ಆಸೆ.

ಹಿಸಾನೊ ಕೋಲೂರಿ ಎದ್ದುನಿಂತಳು.

“ನನ್ನ ಮಗ ಸಾಯೋ ತನಕ ಕೈಯಾರೆ ಬರೆದ. ನಾನು ಕಣ್ಣಾರೆ ನೋಡಿದೀನಿ. ಇವಳು ಅವನ ಅಕ್ಷರ ಕದ್ದು ಯಂತ್ರಕ್ಕೆ ಹಾಕಿದಾಳೆ. ಎರಡು ಕೋಣೆ ಆಸೆಗೆ. ನಂಗೇನೂ ಗೊತ್ತಿಲ್ಲ, ಇಗರಾಶಿಯವ್ರೇ. ನಾನು ಮುದುಕಿ, ಕಿವಿ ಬೇರೆ ಕೇಳ್ಸಲ್ಲ.”

ಇಗರಾಶಿಗೂ ಅದೇ ಬೇಕಾಗಿತ್ತು. ಅವನು ದಡ್ಡನಲ್ಲ. ಆದರೆ ತಾಯಿಯ ಹಲಗೆ ಯಂತ್ರದ್ದು, ತಾನು ಊರೂರಲ್ಲಿ ಕೊಚ್ಚಿಕೊಂಡದ್ದು ಸುಳ್ಳು ಎಂದು ಒಪ್ಪುವುದಕ್ಕಿಂತ ಸೊಸೆ ಕಳ್ಳಿ ಎಂದು ನಂಬುವುದು ಸುಲಭ. ಸುತ್ತ ಕೂತವರಿಗೂ ಅದೇ ಹಿತವಾಗಿತ್ತು. “ಸತ್ತ ಗಂಡನ ಕೈನೂ ಬಿಡ್ಲಿಲ್ಲವಲ್ಲ, ಇದೆಂಥ ಹೆಂಗ್ಸು” ಎಂದು ಯಾರೋ ಹಿಂದಿನಿಂದ ಅಂದರು. ಇಗರಾಶಿ ಆ ಹಲಗೆಯನ್ನು ತನ್ನ ಮೊಣಕಾಲಿಗೆ ಕೊಟ್ಟು ಮುರಿದ. ತೆಳ್ಳನೆಯ ಮರ, ಲಟಕ್ಕೆಂದಿತು. ಉಳಿದ ಇನ್ನೂರ ಹನ್ನೊಂದು ಹಲಗೆಗಳಿಗೆ ಪೂಜೆ ಸಾಂಗವಾಗಿ ನಡೆಯಿತು. ಯಂತ್ರದ್ದೆಂದು ಯಾರೂ ತಮ್ಮ ಹಲಗೆ ಬಿಟ್ಟು ಹೋಗಲಿಲ್ಲ.

ಸಭೆ ಸೇರಿ ತೀರ್ಮಾನ ಮಾಡಿತು. ಅಜ್ಜಿಗೆ ಹಿಂದಿನ ಎರಡು ಕೋಣೆ, ಸಾಯುವವರೆಗೆ. ಸೊಸೆಗೆ ತಿಂಗಳ ಕೊನೆಯ ತನಕ ಸಮಯ. ಪೆನ್‌ಡ್ರೈವ್, ಹೆಜ್ಜೆ ಬರೆದ ಪುಸ್ತಕ ಎರಡನ್ನೂ ಇಗರಾಶಿ ಇಸಿದುಕೊಂಡ, ಮಂದಿರದ ಆಸ್ತಿ ಎಂದು. ಹೊರಡುವ ದಿನ ಚಿಗುಸಾ ಅತ್ತೆಯ ಕೋಣೆಯ ಬಾಗಿಲಲ್ಲಿ ಮಂಡಿಯೂರಿ ತಲೆಬಾಗಿದಳು.

“ಹೋಗ್ಬರ್ತೀನಿ ಅತ್ತೆ.”

“ಹೋಗು. ಬರೋದೇನೂ ಬೇಡ,” ಎಂದಳು ಹಿಸಾನೊ. “ಬಾಗಿಲು ಎಳ್ಕೊಂಡು ಹೋಗು, ಸೊಳ್ಳೆ ಬರ್ತವೆ.”

ನಗಾಓಕಾ ಪೇಟೆಯಲ್ಲಿ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮುಂದೆ ಸಾಗುವ ಪಟ್ಟಿಯ ಮೇಲೆ ಡಬ್ಬಿಗಳು ಬರುತ್ತವೆ, ಪ್ರತಿಯೊಂದರ ಅನ್ನದ ನಡುವೆ ಒಂದೊಂದು ಕೆಂಪು ಉಪ್ಪಿನಕಾಯಿ ಇಡಬೇಕು. ವರ್ಷ ಉರುಳಿತು. ಮುಂದಿನ ಜುಲೈಯಲ್ಲಿ, ಊಟದ ಬಿಡುವಿನಲ್ಲಿ, ಫೋನ್ ಬಂತು. ಹೊಸ ಗುರುಗಳ ಹೆಂಡತಿ ಮಯುಕೊ. ಒಳ್ಳೆಯ ಹುಡುಗಿ, ಮಾತಿನಲ್ಲಿ ಕಪಟ ಇಲ್ಲ.

“ಅಕ್ಕಾ, ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ. ಕಂಪ್ಯೂಟರ್ ತಾನೇ ತಾನಾಗಿ ಏನೋ ಹೊಸದು ಹಾಕ್ಕೊಂಡ್ಬಿಡ್ತು, ಪ್ರಿಂಟರ್ ಮಾತಾಡ್ತಿಲ್ಲ. ನಿಮ್ಮ ಪುಸ್ತಕ ಅರ್ಧ ಅರ್ಥ ಆಯ್ತು, ಅರ್ಧ ಆಗ್ಲಿಲ್ಲ. ಇಗರಾಶಿಯವ್ರೇ ಅಂದ್ರು, ಅವ್ಳನ್ನೇ ಕೇಳು ಅಂತ.”

“ಈಗ ಯಂತ್ರದಲ್ಲೇ ಬರೀತೀರಾ? ಒಕ್ಕಲಿನೋರು ಏನೂ ಅನ್ನಲ್ವಾ?”

“ಏನಂತಾರೆ? ನಮ್ಮೋರು ಮೊದಲ ದಿನಾನೇ ಹೇಳಿದ್ರು, ನನ್ನ ಕೈಬರಹ ಕಾಗೆ ಕಾಲು ಅಂತ. ಎಲ್ಲಾರೂ ನಕ್ಕರು, ಮುಗೀತು.”

ಚಿಗುಸಾ ಗೋಡೆಗೆ ಒರಗಿದಳು.

“ಇನ್ನೊಂದು, ಅಕ್ಕಾ. ಪಟ್ಟಿಯಲ್ಲಿ ಎರಡು ನಮೂನೆ ಅಕ್ಷರ ಇತ್ತಲ್ಲ. ಆ ಹೆಚ್ಚಿಗೇದು ಅಡ್ಡ ಬರ್ತಿದೆಯೇನೋ ಅನ್ಕೊಂಡೆ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದನ್ನ ಮುಟ್ಬೇಡಿ.”

“ಅಯ್ಯೋ. ಬೆಳಗ್ಗೇನೇ ತೆಗೆದ್ಬಿಟ್ಟೆನಲ್ಲ. ಪೆನ್‌ಡ್ರೈವಲ್ಲೂ ಅಳಿಸಿದೆ, ಜಾಗ ಸಾಲ್ತಿರ್ಲಿಲ್ಲ. ಬೇಕಾಗಿತ್ತಾ?”

ಕಾರ್ಖಾನೆಯ ಗಂಟೆ ಬಾರಿಸಿತು, ಬಿಡುವು ಮುಗಿಯಲು ಐದು ನಿಮಿಷ.

“ಅಕ್ಕಾ? ಮುಂದೆ ಏನ್ ಮಾಡ್ಲಿ?”

“ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ,” ಎಂದಳು ಚಿಗುಸಾ. “ಮಾಡೋವಾಗ ಎಡಗಡೆ ಶಿಫ್ಟ್ ಗುಂಡಿ ಒತ್ತಿ ಹಿಡ್ಕೊಳ್ಳಿ. ನೀಲಿ ಪರದೆ ಬರುತ್ತೆ. ಪಟ್ಟಿ ಕಾಣೋ ತನಕ ಕಾಯಿರಿ. ಏಳನೇ ಗುಂಡಿ ಒತ್ತಿ. ಆಮೇಲೆ ಬ್ಯಾನರ್ ಅಂತ ಇದೆಯಲ್ಲ ಡ್ರೈವರ್, ಅದನ್ನ ಮತ್ತೆ ಹಾಕಿ. ಬೇಡ ಅಂತ ಕೆಂಪು ಅಕ್ಷರ ಬರುತ್ತೆ, ಹೆದರ್ಬೇಡಿ.”

ಅವಳು ಫೋನ್ ಇಡಲಿಲ್ಲ. ದೂರದಲ್ಲಿ ಗುಂಡಿ ಒತ್ತುವ ಸದ್ದು, ಆಮೇಲೆ ಆ ಗರಗರ. “ಬಂತು, ಬಂತು” ಎಂದಳು ಮಯುಕೊ. ಅವಳ ಹಿಂದೆ ಇಗರಾಶಿಯ ದನಿ: “ಎಷ್ಟು ಚೆನ್ನಾಗಿ ಬಂತು ನೋಡಿ. ಕೈಯಲ್ಲಿ ಬರೆದ ಹಾಗೇ ಇದೆ.”

“ಅತ್ತೆ ಹೇಗಿದಾರೆ?” ಎಂದು ಕೇಳಿದಳು ಚಿಗುಸಾ.

“ಅಜ್ಜಿನಾ? ಗಟ್ಟಿಯಾಗಿದಾರೆ. ಈಗ ನೋಡಿ, ಯಂತ್ರ ಶುರುವಾಗಿದ್ದೇ ಟಿವಿ ಜೋರು ಮಾಡಿದ್ರು. ಕೇಳಿಸ್ತಿದೆಯಾ?”

“ಕೇಳಿಸ್ತಿದೆ,” ಎಂದಳು ಚಿಗುಸಾ.